ಎಂಜಿನ್ ಮೂತಿಯ ಮೇಲೊಬ್ಬ ಕ್ಯಾಮೆರಾದವನು

ಸಿನಿಮಾ ಓಡಬೇಕಾದರೆ ಹೀರೋ ಬೇಕು, ಹೀರೋಯಿನ್ ಬೇಕು, ಮಳೆಯಲ್ಲೊಂದು ಹಾಡು, ಗೋದಾಮಿನಲ್ಲೊಂದು ಫೈಟು, ಎಲ್ಲ ಮುಗಿದ ಮೇಲೆ ಬಂದು ನಿಲ್ಲಲು ಒಂದು ಪೊಲೀಸ್ ಜೀಪು ಬೇಕು. ಇದು ನಮ್ಮೆಲ್ಲರ ನಂಬಿಕೆ. ಇವೊಂದೂ ಇಲ್ಲದೆ, ಬರೀ ರೈಲು ಹಳಿ ತೋರಿಸಿ ದುಡ್ಡು ಎಣಿಸಿಕೊಂಡ ಪುಣ್ಯಾತ್ಮರು ಒಂದು ಕಾಲದಲ್ಲಿ ಇದ್ದರು. ಹಳಿ, ಹಳಿಯ ಪಕ್ಕ ಕಂಬ, ಕಂಬದಾಚೆ ಹೊಲ, ಹೊಲ ಆದಮೇಲೆ ಸುರಂಗ, ಸುರಂಗ ಆದಮೇಲೆ ಮತ್ತೆ ಹಳಿ. ಶುಭಂ. ಇದನ್ನು ನೋಡಲು ಲಂಡನ್ನಿನ, ನ್ಯೂಯಾರ್ಕಿನ ಜನ ಟಿಕೆಟ್ ತೆಗೆದುಕೊಂಡು, ಕೋಟು ಟೋಪಿ ಏರಿಸಿಕೊಂಡು, ಸಂಸಾರ ಸಮೇತ ಹೋಗುತ್ತಿದ್ದರು. ಹೊರಗೆ ಬಂದು "ಅಬ್ಬಾ!" ಅನ್ನುತ್ತಿದ್ದರು. ಇಷ್ಟನ್ನೇ ಯಶವಂತಪುರದಿಂದ ಯಲಹಂಕಕ್ಕೆ ಪ್ಯಾಸೆಂಜರ್ ಗಾಡಿ ನಮಗೆ ಹತ್ತು ರೂಪಾಯಿಗೆ ತೋರಿಸುತ್ತದೆ. ನಾವು ಕಿಟಕಿಯ ಕಡೆ ತಿರುಗಿಯೂ ನೋಡುವುದಿಲ್ಲ. ಯಾಕೆಂದರೆ ಕೈಯಲ್ಲಿರುವ ಫೋನಿನಲ್ಲಿ ಬೇರೆ ಯಾರೋ ರೈಲಿನ ಕಿಟಕಿಯಿಂದ ತೆಗೆದ ರೀಲ್ಸ್ ಓಡುತ್ತಿರುತ್ತದೆ!

ಆ ಹಳಿ ಸಿನಿಮಾಗಳಿಗೆ ಇಂಗ್ಲಿಷರು ಇಟ್ಟ ಹೆಸರು ಫ್ಯಾಂಟಮ್ ರೈಡ್, ಅಂದರೆ ದೆವ್ವದ ಸವಾರಿ. ತೆರೆಯ ಮೇಲೆ ಎಂಜಿನ್ನೂ ಕಾಣದು, ಡ್ರೈವರೂ ಕಾಣ. ಕುರ್ಚಿಯಲ್ಲಿ ಕೂತವನೇ ನೆಲ ಮುಟ್ಟದೆ ಹಳಿಯ ಮೇಲೆ ತೇಲಿಹೋಗುತ್ತಾನೆ. ಯಾರು ಎಳೆಯುತ್ತಿದ್ದಾರೆ, ಯಾರು ತಳ್ಳುತ್ತಿದ್ದಾರೆ, ದೇವರಿಗೇ ಗೊತ್ತು. ನಮ್ಮ ಮಹಾನಗರದ ಆಡಳಿತವೂ ಹೀಗೇ ನಡೆಯುತ್ತಿರುವುದರಿಂದ ಈ ಅನುಭವ ನಮಗೆ ಹೊಸದಲ್ಲ.

ಇತಿಹಾಸ ಸ್ವಲ್ಪ ಹೇಳಲೇಬೇಕು, ಸಹಿಸಿಕೊಳ್ಳಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸೋದರರು ದುಡ್ಡು ಪಡೆದು ಸಿನಿಮಾ ತೋರಿಸಿದರು. ಆಗ ಕ್ಯಾಮೆರಾ ಮೂರು ಕಾಲಿನ ಮೇಲೆ ಅಲ್ಲಾಡದೆ ನಿಂತಿರುತ್ತಿತ್ತು. ಕಾರ್ಖಾನೆಯವರು ಹೊರಗೆ ಬರಬೇಕು, ಮಗು ಊಟ ಮಾಡಬೇಕು, ರೈಲು ಸ್ಟೇಷನ್ನಿಗೆ ಬರಬೇಕು. ಓಡಾಡುವ ಕಷ್ಟವೆಲ್ಲ ಎದುರಿನವರದು. ಅಲೆಕ್ಸಾಂಡ್ರ್ ಪ್ರೊಮಿಯೊ ಎಂಬ ಅವರ ಕ್ಯಾಮೆರಾದವನು 1896ರಲ್ಲಿ ವೆನಿಸ್ಸಿಗೆ ಹೋದವನು ಕ್ಯಾಮೆರಾವನ್ನು ದೋಣಿಯಲ್ಲಿಟ್ಟ. ಅರಮನೆಗಳೇ ಸಾಲುಗಟ್ಟಿ ಎದುರಿಗೆ ನಡೆದು ಬಂದವು. ದೋಣಿಯಲ್ಲಿ ಆಗುವುದು ರೈಲಿನಲ್ಲಿ ಆಗದೇ? ಮರುವರ್ಷವೇ, 1897ರಲ್ಲಿ, ಅಮೆರಿಕದ ಬಯೋಗ್ರಾಫ್ ಕಂಪನಿಯವರು ನ್ಯೂಯಾರ್ಕ್ ರಾಜ್ಯದ ಹ್ಯಾವರ್‌ಸ್ಟ್ರಾ ಸುರಂಗದೊಳಕ್ಕೆ ಕ್ಯಾಮೆರಾವನ್ನು ಎಂಜಿನ್ನಿನ ಮುಂದಿಟ್ಟುಕೊಂಡು ನುಗ್ಗಿದರು. 1898ರಲ್ಲಿ ಇಂಗ್ಲೆಂಡಿನ ಬಾರ್ನ್‌ಸ್ಟೇಪಲ್, ಅದೇ ವರ್ಷ ವೇಲ್ಸಿನ ಕಾನ್ವೆ ಕೋಟೆ. ಆ ಕೋಟೆಯ ಸಿನಿಮಾದ ಒಂದು ಪ್ರತಿಗೆ ಕೈಯಿಂದಲೇ ಬಣ್ಣ ಬಳಿದಿದ್ದರು. ಒಂದೊಂದು ಚೌಕಕ್ಕೂ ಕುಂಚ ತಗಲಬೇಕು ಸ್ವಾಮಿ! ನಮ್ಮಲ್ಲಿ ಒಂದು ಫ್ಲೈಓವರ್ ಕಂಬಕ್ಕೆ ಬಣ್ಣ ಬಳಿಯುವ ಹೊತ್ತಿಗೆ ಮೂರು ಟೆಂಡರ್ ಆಗುತ್ತವೆ.

ತೆಗೆಯುತ್ತಿದ್ದ ವಿಧಾನ ಇನ್ನೂ ಚೆನ್ನ. ಎಂಜಿನ್ನಿನ ಹಿಂದೆ ಕೂತರೆ ಹೊಗೆ, ಮಸಿ, ಕಿಡಿ. ಹಾಗಾಗಿ ಮುಂದೆಯೇ ಕೂರಬೇಕು. ಬಾಯ್ಲರಿನ ಮುಂದೆ ಹಲಗೆ ಹೊಡೆದು, ತೇರಿನ ಮೇಲೆ ಉತ್ಸವಮೂರ್ತಿಯನ್ನು ಬಿಗಿಯುವ ಹಾಗೆ ಕ್ಯಾಮೆರಾವನ್ನೂ ಕ್ಯಾಮೆರಾದವನನ್ನೂ ಸೇರಿಸಿ ಬಿಗಿಯುವುದು. ಉತ್ಸವಮೂರ್ತಿಗೆ ಹಿಡಿ ತಿರುಗಿಸುವ ಕೆಲಸವಿಲ್ಲ, ಇವನಿಗೆ ಅದೂ ಉಂಟು. ಲೂಮಿಯೇರ್ ಕ್ಯಾಮೆರಾ ಆದರೆ ಸೆಕೆಂಡಿಗೆ ಎರಡು ಸುತ್ತು, ಎರಡು ಸುತ್ತಿಗೆ 16 ಚಿತ್ರ. ಕೈ ಸೋತರೆ ಚಿತ್ರ ನೆಗೆಯುತ್ತದೆ, ಕೈ ಜೋರಾದರೆ ತೆರೆಯ ಮೇಲೆ ರೈಲು ಕುಂಟುತ್ತದೆ. ಫಿಲಂ ಸುಮಾರು 17 ಮೀಟರ್ ಉದ್ದ, 50 ಸೆಕೆಂಡಿಗೆ ಖಲಾಸ್. ಅಷ್ಟರಲ್ಲಿ ಹಳಿಯ ಮೇಲೆ ಎಮ್ಮೆ ಬಂದರೆ ಮೊದಲು ಭೇಟಿಯಾಗುವವನು ಈತನೇ. ಅಮೆರಿಕದ ಬಿಲ್ಲಿ ಬಿಟ್ಜರ್ ಹೀಗೆ ಎಂಜಿನ್ನಿನ ಮುಂದೆ ಕೂತು ಕೆನಡಾದ ರಾಕಿ ಬೆಟ್ಟಗಳನ್ನೆಲ್ಲ ಸುತ್ತಿದ. ಆಮೇಲೆ ಡಿ. ಡಬ್ಲ್ಯೂ. ಗ್ರಿಫಿತ್ ಜತೆ ಸೇರಿ ಜಗತ್ತಿನ ದೊಡ್ಡ ಛಾಯಾಗ್ರಾಹಕರಲ್ಲಿ ಒಬ್ಬನಾದ. ಅವನು ನಮ್ಮ ದೇಶದಲ್ಲಿ ಈಗ ಆ ಸಾಹಸ ಮಾಡಿದ್ದರೆ 1989ರ ರೈಲ್ವೆ ಕಾಯ್ದೆಯ 156ನೆಯ ಸೆಕ್ಷನ್ನಿನಲ್ಲಿ ಒಳಗೆ ಹೋಗುತ್ತಿದ್ದ. ಚಾವಣಿ, ಮೆಟ್ಟಿಲು, ಎಂಜಿನ್ ಇವುಗಳ ಮೇಲೆ ಪ್ರಯಾಣ ಮಾಡಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಗ್ರಹಚಾರ ಕೆಟ್ಟರೆ ಎರಡೂ.

ಇದನ್ನೆಲ್ಲ ನಮ್ಮ ಆರ್.ಟಿ. ನಗರದ ಗಾರ್ಡ್ ಗೌಡರ ಮುಂದೆ ಹೇಳಿದ್ದೇ ತಡ, ಕಾಫಿ ಲೋಟ ಕೆಳಗಿಟ್ಟರು. ಗೌಡರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. 2022ರ ಜನವರಿಯಲ್ಲಿ ರೈಲ್ವೆಯವರು ಗಾರ್ಡ್ ಹುದ್ದೆಯ ಹೆಸರನ್ನು 'ಟ್ರೇನ್ ಮ್ಯಾನೇಜರ್' ಎಂದು ಬದಲಾಯಿಸಿದಾಗ ಒಂದು ವಾರ ಮುಖ ಊದಿಸಿಕೊಂಡಿದ್ದರು, ತಾವು ರಿಟೈರ್ ಆದಮೇಲೆ ಬಡ್ತಿ ಕೊಟ್ಟರೆಂದು. ಅವರ ಪ್ರಕಾರ ಲೋಕದಲ್ಲಿ ಎರಡೇ ಜಾತಿ: ಎಂಜಿನ್ ಕಡೆಯವರು, ಬ್ರೇಕ್ ವ್ಯಾನ್ ಕಡೆಯವರು.

"ಅಲ್ಲ ಮೇಷ್ಟ್ರೇ, ಎಲ್ಲಾ ಎಂಜಿನ್ ಮುಂದೆ, ಎಂಜಿನ್ ಮುಂದೆ ಅಂತೀರಲ್ಲ, ಹಿಂದ್ಗಡೆ ಒಬ್ಬ ಮನುಷ್ಯ ಇರ್ತಾನೆ ಅನ್ನೋದು ನಿಮ್ ಸಿನಿಮಾದೋರಿಗೆ ಹೊಳೀಲೇ ಇಲ್ವಾ?"

"ಹೊಳೀತು ಗೌಡ್ರೇ. 1897ರಲ್ಲೇ ಜೆರುಸಲೇಂ ಸ್ಟೇಷನ್ನಿನಿಂದ ಹೊರಟ ರೈಲಿನ ಹಿಂಭಾಗದಿಂದ ಲೂಮಿಯೇರ್ ಕಂಪನಿಯವರು ಸಿನಿಮಾ ತೆಗೆದಿದ್ದಾರೆ. ಪ್ಲಾಟ್‌ಫಾರಂ ಮೇಲೆ ನಿಂತ ಜನ ಟೋಪಿ ಎತ್ತಿ, ಕೈ ಬೀಸಿ, ಮೆಲ್ಲಗೆ ಹಿಂದೆ ಸರೀತಾರೆ."

"ಹಾಂ! ಅದು ಗಾರ್ಡ್ ನೋಡೋ ನೋಟ. ಡ್ರೈವರ್ ನೋಡೋದು ಬರೋ ಊರನ್ನ. ನಾವು ನೋಡೋದು ಬಿಟ್ಟು ಬಂದ ಊರನ್ನ. ಬರೋ ಊರಲ್ಲಿ ಡ್ರೈವರ್‌ಗೆ ಕಾಣೋದು ಸಿಗ್ನಲ್ಲು. ಬಿಟ್ ಬಂದ ಊರಲ್ಲಿ ನಮಗೆ ಕಾಣೋದು ಜನ. ಅದ್ಯಾವ ಗೇಜು ಆ ಲೈನು?"

ಯಾಫಾದಿಂದ ಜೆರುಸಲೇಮಿಗೆ 1892ರಲ್ಲಿ ಹಾಕಿದ ಹಳಿ ಮೀಟರ್ ಗೇಜು ಎಂದೆ. ಗೌಡರ ಮುಖ ಅರಳಿತು. ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಹೋದ ಲೈನೂ ಅದೇ ದಶಕದ್ದು, ಅದೂ ಮೊದಲು ಮೀಟರ್ ಗೇಜೇ. ಆ ಕ್ಷಣದಿಂದ ಜೆರುಸಲೇಮು ಗೌಡರ ಲೆಕ್ಕದಲ್ಲಿ ಬೆಂಗಳೂರು ಡಿವಿಷನ್ನಿಗೆ ಸೇರಿಹೋಗಿದೆ. ಒಳಗಿನಿಂದ ಅವರ ಮನೆಯವರು, "ನಲವತ್ತು ವರ್ಷ ಹಿಂದಕ್ಕೇ ನೋಡ್ಕೊಂಡು ಹೋದ್ರಲ್ರೀ, ಅದಕ್ಕೇ ಕೊತ್ತಂಬರಿ ತರೋಕೆ ಮಾರ್ಕೆಟ್ಟಿಗೆ ಹೋದ್ರೂ ಅಂಗಡಿ ದಾಟಿದ ಮೇಲೆ ನೆನಪಾಗೋದು" ಅಂದರು. ಗೌಡರಿಗೆ ಅದು ಕೇಳಿಸಲಿಲ್ಲ. ಗಾರ್ಡುಗಳಿಗೆ ಎಂಜಿನ್ ಕಡೆಯ ಸದ್ದು ಕೇಳಿಸುವುದು ಕಡಿಮೆ.

ನಮ್ಮ ದೇಶಕ್ಕೆ ಸಿನಿಮಾ ಬಂದು ಇಳಿದದ್ದು 1896ರ ಜುಲೈ 7ರಂದು, ಬೊಂಬಾಯಿಯ ವ್ಯಾಟ್ಸನ್ ಹೋಟೆಲಿನಲ್ಲಿ. ಟಿಕೆಟ್ಟಿಗೆ ಒಂದು ರೂಪಾಯಿ. ಅವತ್ತು ತೋರಿಸಿದವುಗಳಲ್ಲಿ ರೈಲು ಬರುವ ಚಿತ್ರವೂ ಇತ್ತು. ಆ ರೈಲು ಕಂಡು ಜನ ಹೆದರಿ ಎದ್ದು ಓಡಿದರು ಎಂದು ಪ್ಯಾರಿಸ್ಸಿನ ಬಗ್ಗೆ ಒಂದು ಕಥೆಯಿದೆ. ಇತಿಹಾಸಕಾರರು ಅದನ್ನು ನಂಬುವುದಿಲ್ಲ. ನನಗೂ ನಂಬಿಕೆಯಿಲ್ಲ; ದುಡ್ಡು ಕೊಟ್ಟ ಮೇಲೆ ಯಾರೂ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ, ಎಂಥೆಂಥ ಸಿನಿಮಾಗಳನ್ನು ನಾವು ಕೊನೆಯವರೆಗೆ ನೋಡಿಲ್ಲ! ದಕ್ಷಿಣದಲ್ಲಿ ಊರೂರಿಗೆ ಟೆಂಟು ಹೊತ್ತುಕೊಂಡು ಹೋಗಿ ಸಿನಿಮಾ ತೋರಿಸಿದವರಲ್ಲಿ ಮೊದಲಿಗರಾದ ಸ್ವಾಮಿಕಣ್ಣು ವಿನ್ಸೆಂಟ್ ಕೂಡ ರೈಲ್ವೆಯವರೇ. ತಿರುಚಿನಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ಕೆಲಸಕ್ಕಿದ್ದವರು, 1905ರಲ್ಲಿ ಡ್ಯೂಪಾಂ ಎಂಬ ಫ್ರೆಂಚ್ ಪ್ರದರ್ಶಕನ ಪ್ರೊಜೆಕ್ಟರು, ರೀಲುಗಳನ್ನು ಕೊಂಡುಕೊಂಡು ಕೆಲಸಕ್ಕೆ ಕೈಮುಗಿದು ಹೊರಟರು. ಗೌಡರಿಗೆ ಇದನ್ನು ಹೇಳಿದೆ. "ಎಂಜಿನ್ ಕಡೆಯೋರೋ, ನಮ್ ಕಡೆಯೋರೋ?" ಅಂದರು. ಕಚೇರಿ ಕಡೆಯವರು ಅಂದೆ. "ಹಂಗಾದ್ರೆ ಪಿಂಚಣಿ ಲೆಕ್ಕ ಹಾಕೇ ಬಿಟ್ಟಿರ್ತಾರೆ" ಅಂದರು.

ಭಾರತದಲ್ಲಿ ತೆಗೆದು ಇವತ್ತಿಗೂ ಉಳಿದಿರುವ ಅತಿ ಹಳೆಯ ಸಿನಿಮಾಗಳಲ್ಲಿ ಒಂದರ ಕಥೆ ಕೇಳಿ. 1899ರದು, ಹೆಸರು 'ಪನೋರಮಾ ಆಫ್ ಕಲ್ಕತ್ತಾ'. ದೋಣಿಯ ಮೇಲೆ ಕ್ಯಾಮೆರಾ ಇಟ್ಟು ಗಂಗೆಯ ದಂಡೆಯನ್ನು ಉದ್ದಕ್ಕೂ ತೋರಿಸುತ್ತದೆ: ಘಟ್ಟಗಳು, ಮೆಟ್ಟಿಲುಗಳು, ಛತ್ರಿಗಳು, ಸ್ನಾನ ಮಾಡುವ ಜನ. ಎಲ್ಲ ಸರಿ, ಊರು ಮಾತ್ರ ಕಲ್ಕತ್ತೆಯಲ್ಲ, ಕಾಶಿ! ಗಂಗೆ ಅಂದಮೇಲೆ ಕಲ್ಕತ್ತೆ ಎಂದು ಲಂಡನ್ನಿನಲ್ಲಿ ಯಾರೋ ಬರೆದು ಮುಗಿಸಿದ್ದಾರೆ. ಕಾಶಿಗೆ ಹೋದರೆ ಏನಾದರೂ ಬಿಟ್ಟು ಬರಬೇಕಂತೆ; ಸಿನಿಮಾದವರು ಊರಿನ ಹೆಸರನ್ನೇ ಬಿಟ್ಟು ಬಂದಿದ್ದಾರೆ. ನಗಬೇಡಿ. ದೇವನಹಳ್ಳಿಯ ಆಚೆ ಹೊಲದಲ್ಲಿ ನೆಟ್ಟ ಬೋರ್ಡಿನಲ್ಲಿ 'ಹೆಬ್ಬಾಳದಿಂದ ಹತ್ತೇ ನಿಮಿಷ' ಎಂದು ಬರೆದು ಸೈಟು ಮಾರುವ ನಮ್ಮ ಜನಕ್ಕೂ ಭೂಗೋಳದ ಮೇಷ್ಟ್ರು ಅದೇ ಸ್ಕೂಲಿನವರು.

ಬರೀ ಹಳಿ ತೋರಿಸಿ ಎಷ್ಟು ದಿನ ನಡೆದೀತು? ಒಂದೆರಡು ವರ್ಷದಲ್ಲಿ ಜನಕ್ಕೆ ಬೇಸರ ಬಂತು. 1899ರಲ್ಲಿ ಇಂಗ್ಲೆಂಡಿನ ಜಿ. ಎ. ಸ್ಮಿತ್ ಎಂಬಾತ ರೈಲು ಡಬ್ಬಿಯ ಒಳಭಾಗದ ಸೆಟ್ಟು ಹಾಕಿ, 'ಎ ಕಿಸ್ ಇನ್ ದ ಟನಲ್' ಎಂಬ ಒಂದು ನಿಮಿಷದ ಚಿತ್ರ ತೆಗೆದ. ಸುರಂಗ ಬಂದು ಕತ್ತಲಾದಾಗ ಡಬ್ಬಿಯಲ್ಲಿದ್ದ ಗಂಡಸು ಎದುರಿನ ಹೆಂಗಸಿಗೆ ಮುತ್ತು ಕೊಡುತ್ತಾನೆ, ಬೆಳಕಾಗುವ ಹೊತ್ತಿಗೆ ಇಬ್ಬರೂ ಸಭ್ಯಸ್ಥರಾಗಿ ಕೂತಿರುತ್ತಾರೆ. ಗಾಬರಿಯಾಗಬೇಡಿ, ನಟಿಸಿದವರು ಸ್ಮಿತ್ ಮತ್ತು ಅವನ ಧರ್ಮಪತ್ನಿ ಲಾರಾ ಬೇಲಿ. ಸಿನಿಮಾ ತೋರಿಸುವವರು ಸೆಸಿಲ್ ಹೆಪ್‌ವರ್ತ್ ತೆಗೆದಿದ್ದ ಒಂದು ದೆವ್ವದ ಸವಾರಿಯನ್ನು ಸುರಂಗದ ಬಾಯಲ್ಲಿ ಕತ್ತರಿಸಿ, ನಡುವೆ ಈ ಮುತ್ತನ್ನು ಅಂಟಿಸಿ, ಮುಂದಕ್ಕೆ ಮತ್ತೆ ಹಳಿ ಜೋಡಿಸಿದರು. ಒಂದು ತುಣುಕಿಗೆ ಇನ್ನೊಂದನ್ನು ಅಂಟಿಸಿ ಕಥೆ ಹೇಳುವ ವಿದ್ಯೆ ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು. ನಮ್ಮ ಸೆನ್ಸಾರಿನವರಿಗೆ ಇದು ತಿಳಿದಿಲ್ಲವೆಂದು ಕಾಣುತ್ತದೆ. ಅವರು ಅಂಟಿಸುವ ಬದಲು ಅದೇ ಜಾಗದಲ್ಲಿ ಕತ್ತರಿಸುತ್ತಾರೆ.

ಒಂದು ಸುರಂಗಕ್ಕೆ ಇಷ್ಟು ಸಂಭ್ರಮ ಪಟ್ಟ ಸ್ಮಿತ್ ಮಹಾಶಯನನ್ನು ಯಶವಂತಪುರದಲ್ಲಿ ಮಂಗಳೂರಿನ ಹಗಲು ರೈಲು ಹತ್ತಿಸಬೇಕಿತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಬಡಪಾಯಿ ಧರ್ಮಪತ್ನಿ ಯಡಕುಮೇರಿ ಬರುವಷ್ಟರಲ್ಲಿ ಸೀಟು ಬದಲಾಯಿಸುತ್ತಿದ್ದರು. 2021ರ ಜುಲೈನಿಂದ ಈ ದಾರಿಯ ಹಗಲು ರೈಲಿಗೆ ವಿಸ್ಟಾಡೋಮ್ ಡಬ್ಬಿ ಬಂದಿದೆ: ಚಾವಣಿಗೆ ಗಾಜು, ಗೋಡೆಯುದ್ದ ಗಾಜು, ತಿರುಗುವ ಸೀಟು. 120 ವರ್ಷದ ಹಿಂದೆ ಒಬ್ಬನನ್ನು ಎಂಜಿನ್ನಿಗೆ ಕಟ್ಟಿ ತೋರಿಸಿದ್ದನ್ನು ಈಗ ಎ.ಸಿ. ಹಾಕಿ, ಗಾಜು ಹಾಕಿ, ಕಟ್ಲೆಟ್ ಕೊಟ್ಟು ತೋರಿಸುತ್ತಾರೆ. ಅದರೊಳಗೆ ಕೂತ ನಮ್ಮವರನ್ನು ಗಮನಿಸಿದ್ದೀರಾ? ಘಾಟಿ ಶುರುವಾಗುವವರೆಗೆ ಸೀಟು ತಿರುಗಿಸುವುದು. ಘಾಟಿ ಬಂದಕೂಡಲೇ ಎಲ್ಲರೂ ಎದ್ದು ನಿಂತು, ಘಾಟಿಗೆ ಬೆನ್ನು ಮಾಡಿ, ಫೋನನ್ನು ತಮ್ಮ ಮುಖಕ್ಕೆ ಹಿಡಿಯುವುದು. ಆ ವಿಡಿಯೋದಲ್ಲಿ ಪಶ್ಚಿಮಘಟ್ಟ ಕಿವಿಯ ಪಕ್ಕ ಒಂದು ಬೆರಳಗಲ ಕಾಣುತ್ತದೆ, ಅದೂ ಕಿವಿಯೋಲೆ ಅಡ್ಡ ಬರದಿದ್ದರೆ.

ಸ್ಮಿತ್‌ಗಿಂತಲೂ ಚಮತ್ಕಾರದ ಮನುಷ್ಯ ಜಾರ್ಜ್ ಹೇಲ್. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದವನು. ಬೆಂಕಿ ಆರಿಸಿ ಸಾಕಾಗಿ, 1905ರಲ್ಲಿ ಆ ಊರಿನ ಪಾರ್ಕಿನಲ್ಲಿ ಒಂದು ಥಿಯೇಟರು ತೆರೆದ. ಥಿಯೇಟರೇ ರೈಲು ಡಬ್ಬಿ. ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಟಿಕೆಟ್ ಕಲೆಕ್ಟರು, ಒಳಗೆ ಸಾಲು ಸೀಟು, ಎದುರು ಗೋಡೆಯ ಮೇಲೆ ಎಂಜಿನ್ ಮೂತಿಯಿಂದ ತೆಗೆದ ಸಿನಿಮಾ. ಡಬ್ಬಿಯನ್ನು ಅಲ್ಲಾಡಿಸಲು ಯಂತ್ರ, ಕಟಕಟ ಸದ್ದು, ಸೀಟಿ. ಟಿಕೆಟ್ಟು ಹತ್ತು ಸೆಂಟು. 'ಹೇಲ್ಸ್ ಟೂರ್ಸ್' ಎಂಬ ಈ ವ್ಯಾಪಾರ ನಾಲ್ಕಾರು ವರ್ಷ ಅಮೆರಿಕದ ತುಂಬ ಹಬ್ಬಿತು, 1906ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿಗೂ ಹೋಯಿತು. ಒಬ್ಬ ಗಿರಾಕಿ ದಿನವೂ ಅದೇ ಸಿನಿಮಾಕ್ಕೆ ಬರುತ್ತಿದ್ದನಂತೆ. ಯಾಕಪ್ಪಾ ಎಂದು ಕೇಳಿದರೆ, ಒಂದಲ್ಲ ಒಂದು ದಿನ ಡ್ರೈವರ್ ತಪ್ಪು ಮಾಡಿಯೇ ಮಾಡುತ್ತಾನೆ, ಆ ಅಪಘಾತ ನೋಡಬೇಕು ಎಂದನಂತೆ. ನಮ್ಮ ಟೀವಿ ಚಾನೆಲ್ಲುಗಳ ಚರ್ಚೆ ನೋಡುವವರು ಈ ಮಹಾನುಭಾವನ ವಂಶಸ್ಥರು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಹೇಲ್ ಸಾಹೇಬ ಇಷ್ಟೆಲ್ಲ ಖರ್ಚು ಮಾಡಿ ಸಾಧಿಸಿದ್ದು ಏನು? ಕೂತಲ್ಲೇ ಕೂತವನಿಗೆ ಓಡುತ್ತಿದ್ದೇನೆ ಎಂಬ ಭ್ರಮೆ. ನಮ್ಮ ಹೆಬ್ಬಾಳದ ಫ್ಲೈಓವರಿನ ಸಾಧನೆ ಅದಕ್ಕಿಂತ ಒಂದು ಕೈ ಮೇಲು. 2003ರಿಂದ ಅದು ಓಡುವ ಗಾಡಿ ಹತ್ತಿದವನಿಗೆ, ಕೂತಲ್ಲೇ ಕೂತಿದ್ದೇನೆ ಎಂಬ ಸತ್ಯದರ್ಶನ ಮಾಡಿಸುತ್ತ ಬಂದಿದೆ. ಒಂದು ಲೂಪು ಸಾಲದೆಂದು ಇನ್ನೊಂದು, ಅದು ಸಾಲದೆಂದು ಮತ್ತೊಂದು. ಪಕ್ಕದಲ್ಲೇ ಯಶವಂತಪುರದಿಂದ ಬಾಣಸವಾಡಿ ಕಡೆಗೆ ಹೋಗುವ ಗೂಡ್ಸು ಗಾಡಿ ಡಬ್ಬಿ ಎಣಿಸುವಷ್ಟು ನಿಧಾನವಾಗಿ ಹೋಗುತ್ತಿರುತ್ತದೆ, ಹೋಗುತ್ತಾ ಹೋಗುತ್ತಾ ನಮ್ಮ ಕಾರುಗಳನ್ನೆಲ್ಲ ಹಿಂದೆ ಹಾಕುತ್ತದೆ. "ಗೂಡ್ಸ್ ಗಾಡಿ ಗಾರ್ಡ್ ಆಗಿದ್ದಾಗ ನನ್ನನ್ನ ಯಾರೂ ಓವರ್‌ಟೇಕ್ ಮಾಡದೇ ಇದ್ದದ್ದು ಹೆಬ್ಬಾಳದಲ್ಲಿ ಮಾತ್ರ" ಎಂದು ಗೌಡರು ಮೀಸೆ ತಿರುವುತ್ತಾರೆ.

ಮೇಲಿನಿಂದ ನೋಡುವ ಆಸೆಯಿದ್ದವರಿಗೆ ಅದೂ ಇದೆ. ಜರ್ಮನಿಯ ವುಪ್ಪರ್ಟಾಲಿನಲ್ಲಿ ಹಳಿಯ ಕೆಳಗೆ ನೇತಾಡುತ್ತ ಹೋಗುವ ರೈಲು 1901ರಲ್ಲಿ ಶುರುವಾಯಿತು. 1902ರಲ್ಲಿ ಅದರ ಮೇಲಿಂದ ತೆಗೆದ ಸಿನಿಮಾದಲ್ಲಿ ಕೆಳಗೆ ಬೀದಿ, ಓಡಾಡುವ ಜನ ಎಲ್ಲ ಹೊಳೆಯುವಷ್ಟು ಸ್ಪಷ್ಟವಾಗಿ ಕಾಣುತ್ತಾರೆ. ಯಶವಂತಪುರದಿಂದ ಪೀಣ್ಯಕ್ಕೆ ಮೆಟ್ರೋದಲ್ಲಿ ಹೋದರೆ ನಮಗೂ ಅದೇ ದೃಶ್ಯ: ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಒಣಗಿಸಿದ ಪಂಚೆ, ಸಿಂಟೆಕ್ಸ್ ಟ್ಯಾಂಕು, ತಾರಸಿಯ ಮೇಲೆ ಹಪ್ಪಳ ಕಾಯುವ ಅಜ್ಜಿ. ಅಜ್ಜಿ ತಲೆಯೆತ್ತಿ ನೋಡುತ್ತಾರೆ. ಮೆಟ್ರೋದೊಳಗಿನವರು ತಲೆ ತಗ್ಗಿಸಿ ಫೋನು ನೋಡುತ್ತಾರೆ. ಅಜ್ಜಿಗೆ ನಾವೇ ಸಿನಿಮಾ; ನಮಗೆ ಮಾತ್ರ ಅಜ್ಜಿ ಏನೂ ಅಲ್ಲ.

ಇಷ್ಟೂ ಹೊತ್ತು ತಮಾಷೆ ಮಾಡಿದೆನಲ್ಲ, ಈಗ ಒಂದು ಗಂಭೀರ ಪ್ರಸಂಗ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೈಲ್ಸ್ ಸೋದರರು ಎಂಬವರಿದ್ದರು. ಮಾರ್ಕೆಟ್ ಸ್ಟ್ರೀಟಿನಲ್ಲಿ ಓಡುವ ಕೇಬಲ್ ಕಾರಿನ ಮುಂದೆ ಕ್ಯಾಮೆರಾ ಕಟ್ಟಿ, ಬೀದಿಯ ಆ ತುದಿಯವರೆಗೆ ಸುಮಾರು 13 ನಿಮಿಷದ ಸಿನಿಮಾ ತೆಗೆದರು. ಕುದುರೆ ಗಾಡಿ, ಸೈಕಲ್ಲು, ಪೇಪರ್ ಹುಡುಗರು, ಹಳಿ ದಾಟಲು ಅರ್ಜೆಂಟಿರುವ ಜನ. ರಸ್ತೆಯಲ್ಲಿ ಕಾರುಗಳು ಕಡಿಮೆ ಇದ್ದವೆಂದು ಕಾಣುತ್ತದೆ, ಕೆಲವು ಕಾರುಗಳು ಸುತ್ತು ಹಾಕಿಕೊಂಡು ಬಂದು ಮತ್ತೆ ಮತ್ತೆ ಕ್ಯಾಮೆರಾದ ಮುಂದೆ ಹಾಯುತ್ತವೆ. ಕಾರು ಸಾಲದು ಎಂದು ಸುತ್ತು ಹೊಡೆಸಿದ ಕಾಲ! ಅವರನ್ನು ಸಂಜೆ ಆರು ಗಂಟೆಗೆ ಮೇಖ್ರಿ ಸರ್ಕಲ್ಲಿಗೆ ಕರೆತಂದು ನಿಲ್ಲಿಸಬೇಕಿತ್ತು. ಇರಲಿ. ಆ ಸಿನಿಮಾ ತೆಗೆದದ್ದು 1906ರ ಏಪ್ರಿಲ್‌ನಲ್ಲಿ. ಏಪ್ರಿಲ್ 18ರ ಬೆಳಗ್ಗೆ ಭೂಕಂಪವಾಯಿತು, ಆಮೇಲೆ ಬೆಂಕಿ. ಆ ಬೀದಿಯ ಬಹುಪಾಲು ಹೋಯಿತು, ಮೈಲ್ಸ್ ಸೋದರರ ಸ್ಟುಡಿಯೋ ಹೋಯಿತು. ಊರು ಬಿಟ್ಟು ನ್ಯೂಯಾರ್ಕಿನ ಕಡೆ ಹೊರಟಿದ್ದ ಫಿಲಂ ಉಳಿಯಿತು. ಎಷ್ಟೋ ವರ್ಷ ಅದು ಹಿಂದಿನ ವರ್ಷದ್ದೆಂದೇ ಜನ ತಿಳಿದಿದ್ದರು. ಡೇವಿಡ್ ಕೀನ್ ಎಂಬ ಇತಿಹಾಸಕಾರ ಕಾರುಗಳ ನಂಬರ್ ಪ್ಲೇಟು, ರಸ್ತೆಯ ಮೇಲಿನ ಮಳೆನೀರು, ಹಳೆಯ ಪತ್ರಿಕೆಗಳನ್ನೆಲ್ಲ ತಾಳೆ ನೋಡಿ, ಭೂಕಂಪಕ್ಕೆ ಕೆಲವೇ ದಿನ ಮುಂಚಿನದೆಂದು ತೋರಿಸಿದರು. ಸಿನಿಮಾ ತೆಗೆದವರಿಗೆ ಇದು ಇತಿಹಾಸ ಎಂಬ ಕಲ್ಪನೆಯೂ ಇರಲಿಲ್ಲ. ಅವರು ತೆಗೆದದ್ದು ಹೇಲ್ ಸಾಹೇಬನಂಥವರ ಥಿಯೇಟರಿಗೆ ನಾಲ್ಕು ಕಾಸು ಹುಟ್ಟುವ ಸರಕು.

ನಮ್ಮ ಉತ್ತರ ಬೆಂಗಳೂರಿಗೆ ಭೂಕಂಪದ ಅಗತ್ಯವಿಲ್ಲ, ನಮಗೆ ಅಭಿವೃದ್ಧಿ ಸಾಕು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಕಾಲದಲ್ಲಿ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಇತ್ತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದ ರೈಲದು. ದಾರಿಯಲ್ಲಿ ದೊಡ್ಡಜಾಲ, ದೇವನಹಳ್ಳಿ, ಆವತಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್. ಅಲ್ಲಿಂದ ಅವರ ಹುಟ್ಟೂರು ಮುದ್ದೇನಹಳ್ಳಿ ಹತ್ತಿರವೇ. ಚಿಕ್ಕಬಳ್ಳಾಪುರದ ಆಚೆ ಕೋಲಾರ, ಬಂಗಾರಪೇಟೆಯವರೆಗೂ ಅದೇ ಪುಟ್ಟ ರೈಲು. ಗೌಡರು ಚಡ್ಡಿ ಹಾಕಿಕೊಂಡು ಅದರಲ್ಲಿ ಅಜ್ಜಿಯ ಮನೆಗೆ ಹೋದವರು. "ಎರಡೂ ಕಡೆ ದ್ರಾಕ್ಷಿ ತೋಟ ಮೇಷ್ಟ್ರೇ, ಗಾಡಿ ನಮ್ಮಷ್ಟೇ ನಿಧಾನ, ನಾವು ಗಾಡಿಯಷ್ಟೇ ನಿಧಾನ" ಎನ್ನುತ್ತಾರೆ. ಆ ಹಳಿ ಹೋಯಿತು, ಬ್ರಾಡ್ ಗೇಜ್ ಬಂತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಅದು ಬಂದದ್ದು 2013ರಲ್ಲಿ. 2021ರಲ್ಲಿ ವಿಮಾನ ನಿಲ್ದಾಣಕ್ಕೂ ಒಂದು ಹಾಲ್ಟ್ ಸ್ಟೇಷನ್ ಆಯಿತು. ಆ ಪುಟ್ಟ ರೈಲಿನ ಕಾಲದ ಹೆಂಚಿನ ಸ್ಟೇಷನ್ನುಗಳಲ್ಲಿ ಕೆಲವನ್ನು ಪರಂಪರೆ ಕಾಯುವ ಇಂಟ್ಯಾಕ್ ಸಂಸ್ಥೆಯವರು ರಿಪೇರಿ ಮಾಡಿ ಉಳಿಸಿದ್ದಾರೆ, ಪುಣ್ಯ ಬರಲಿ. ದ್ರಾಕ್ಷಿ ತೋಟವನ್ನು ಯಾರು ರಿಪೇರಿ ಮಾಡಿಯಾರು? ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರವಿದ್ದ ಕಡೆ ಈಗ ಹಳದಿ ಬಣ್ಣ ಬಳಿದ ಸೈಟು ಕಲ್ಲು ಸಾಲಾಗಿ ಮೊಳೆತಿವೆ. ದೇವನಹಳ್ಳಿ ಚಕ್ಕೋತಕ್ಕೆ ಜಿ.ಐ. ಟ್ಯಾಗ್ ಇದೆ, ಗಿಡಗಳು ಕಡಿಮೆಯಾಗುತ್ತಿವೆ.

ಹೀಗಿರುವಾಗ ನಮ್ಮ ಕೈಯಲ್ಲಿರುವುದು ಏನು? ಬಿಟ್ಜರನ ಕ್ಯಾಮೆರಾಕ್ಕಿಂತ ಸಾವಿರ ಪಾಲು ಹಗುರವಾದ ಕ್ಯಾಮೆರಾ. ಹಿಡಿ ತಿರುಗಿಸಬೇಕಿಲ್ಲ, 50 ಸೆಕೆಂಡಿಗೆ ರೀಲು ಮುಗಿಯುವುದಿಲ್ಲ. ಮತ್ತೆ ಅದರಲ್ಲಿ ತೆಗೆಯುವುದು? ನಮ್ಮ ಮೂತಿ. ಎಂಜಿನ್ ಮೂತಿಯ ಮೇಲೆ ಪ್ರಾಣ ಪಣಕ್ಕಿಟ್ಟು ಕೂತವನು ಒಮ್ಮೆಯೂ ಕ್ಯಾಮೆರಾವನ್ನು ತನ್ನ ಕಡೆ ತಿರುಗಿಸಲಿಲ್ಲ. ಅದಕ್ಕೇ ಇವತ್ತು ಬಾರ್ನ್‌ಸ್ಟೇಪಲ್ ನಮಗೆ ಕಾಣುತ್ತದೆ. ನಮ್ಮ ಮೊಮ್ಮಕ್ಕಳು ಹೆಬ್ಬಾಳ ಹೇಗಿತ್ತು ಎಂದು ಹುಡುಕಿದರೆ ಅವರಿಗೆ ಸಿಗುವುದು ನಮ್ಮ ಹಲ್ಲು, ಹಿಂದಿನಿಂದ ಯಾವುದೋ ಹಿಂದಿ ಹಾಡು. ಕ್ರಿ.ಶ. 750ರ ಸುಮಾರಿಗೇ ಹೆಬ್ಬಾಳದವರು ಕಿತ್ತಯ್ಯನೆಂಬ ವೀರನ ಹೆಸರನ್ನು ಕಲ್ಲಿನ ಮೇಲೆ ಕನ್ನಡದಲ್ಲಿ ಬರೆಸಿ ಹೋಗಿದ್ದಾರೆ. ಕಲ್ಲು ಕಡೆದವನು ತನ್ನ ಮುಖವನ್ನು ಅಡ್ಡ ಇಟ್ಟಿದ್ದರೆ ಕಿತ್ತಯ್ಯ ನಮಗೆ ಸಿಗುತ್ತಿದ್ದನೇ?

"ಕಥೆ ಇಲ್ದೆ ಬರೀ ಹಳಿ ಯಾರು ನೋಡ್ತಾರೆ?" ಎನ್ನುವವರಿಗೆ ನಾರ್ವೆಯ ಉತ್ತರವಿದೆ. 2009ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಟೀವಿ ಬೆರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿನ ಪ್ರಯಾಣವನ್ನು ನಿಮಿಷವೂ ಬಿಡದೆ ಏಳು ಗಂಟೆಗೂ ಮಿಕ್ಕಿ ತೋರಿಸಿತು. ಆ ಹಳಿಗೆ ನೂರು ವರ್ಷ ತುಂಬಿದ ನೆಪ. ಹತ್ತು ಲಕ್ಷಕ್ಕೂ ಹೆಚ್ಚು ಜನ ಅದರ ಒಂದಿಷ್ಟನ್ನಾದರೂ ನೋಡಿದರು. ಅರ್ಧ ಕೋಟಿ ಜನರೂ ಇಲ್ಲದ ದೇಶ ಅದು ಆಗ. ಇದನ್ನು ಕೇಳಿ ಗೌಡರು ಕೇಳಿದ ಪ್ರಶ್ನೆ ಒಂದೇ: "ಏಳು ಗಂಟೇಲಿ ಒಂದ್ಸಲಾನೂ ಔಟರ್‌ನಲ್ಲಿ ನಿಲ್ಲಿಸ್ಲಿಲ್ವಾ?" ಲೊಟ್ಟೆಗೊಲ್ಲಹಳ್ಳಿಯ ಬಳಿ ನಿಂತ ರೈಲಿನಲ್ಲಿ ಆಯುಷ್ಯದ ಒಂದು ಪಾಲು ಕಳೆದವರು ಕೇಳಬೇಕಾದ ಪ್ರಶ್ನೆಯೇ.

ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ವಿನಂತಿ. ಬಿಡುವಿದ್ದ ದಿನ ಯಲಹಂಕದಲ್ಲಿ ಚಿಕ್ಕಬಳ್ಳಾಪುರದ ಗಾಡಿ ಹತ್ತಿ. ಬಾಗಿಲಲ್ಲಿ ನೇತಾಡಬೇಡಿ, 156ನೆಯ ಸೆಕ್ಷನ್ ಮೇಲೆಯೇ ಹೇಳಿದ್ದೇನೆ. ಕಿಟಕಿಯ ಪಕ್ಕ ಕೂತು, ಫೋನನ್ನು ಹೊರಕ್ಕೆ ತಿರುಗಿಸಿ, ಸುಮ್ಮನೆ ಹಿಡಿದುಕೊಳ್ಳಿ. ನಿಮ್ಮ ಮುಖ ಬೇಡ, ಹಾಡು ಬೇಡ, 'ಹಾಯ್ ಫ್ರೆಂಡ್ಸ್' ಖಂಡಿತ ಬೇಡ. ಸೈಟು ಕಲ್ಲು ಬಂದರೆ ಸೈಟು ಕಲ್ಲು, ನೀಲಗಿರಿ ತೋಪು ಬಂದರೆ ತೋಪು, ನಂದಿಬೆಟ್ಟ ಬಂದರೆ ಬೆಟ್ಟ, ಬಂದದ್ದು ಬರಲಿ. ಮನೆಗೆ ಬಂದಮೇಲೆ ಊರಿನ ಹೆಸರು, ತಾರೀಕು ಎರಡನ್ನೂ ಮರೆಯದೆ ಬರೆದಿಡಿ. ಬರೆಯದೆ ಬಿಟ್ಟರೆ ನೂರು ವರ್ಷದ ಮೇಲೆ ಲಂಡನ್ನಿನಲ್ಲಿ ಕೂತ ಯಾವನೋ ಒಬ್ಬ ನಮ್ಮ ದೊಡ್ಡಜಾಲವನ್ನು ನೋಡಿ ಕಲ್ಕತ್ತಾ ಎಂದು ಬರೆದುಬಿಡುತ್ತಾನೆ.